ಆಲೆಮನೆಯ ಹಬೆ

ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಮಳವಳ್ಳಿಯ ಕಡೆಗೆ ಪ್ರಯಾಣ ಮಾಡುವವರಿಗೆ ಕಾವೇರಿಯ ಬಯಲಿನಲ್ಲಿ ಬತ್ತದ ಗದ್ದೆಗಳ ನಡುನಡುವೆ ಕಬ್ಬಿನ ತೋಟಗಳು ಕಾಣಸಿಗುತ್ತವೆ. ನದಿಯನ್ನು ದಾಟಿ ಮಂಡ್ಯದ ಸೀಮೆಯನ್ನು ಹೊಕ್ಕರಂತೂ ಕಬ್ಬು ಇದ್ದಲ್ಲೆಲ್ಲ ಆಲೆಮನೆಯೂ ಇದೆ. ಆಲೆಮನೆಯನ್ನು ದೂರದಿಂದಲೇ ಗುರುತಿಸಬಹುದು. ಅದರಿಂದ ಎರಡು ಬಗೆಯ ಮೋಡಗಳು ಮೇಲೇಳುತ್ತವೆ. ಒಂದು, ಒಲೆಯ ಚಿಮಣಿಯಿಂದ ಹೊರಡುವ ಕಪ್ಪು ಹೊಗೆ. ಇನ್ನೊಂದು, ಸೂರಿನ ಸಂದುಗಳಿಂದ ಉಕ್ಕಿ ಬರುವ ಬಿಳಿಯ ಹಬೆ. ಹೊಗೆಯನ್ನು ಕಂಡು ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಹಬೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರು ಆವಿಯಾಗಿ ಹೋಯಿತು, ಅದರಿಂದ ನಷ್ಟವೇನು, ಎಂಬುದು ಸಾಮಾನ್ಯವಾದ ಭಾವನೆ.

ಆದರೆ ಕಬ್ಬಿನ ಹಾಲಿಗೆ ಒಲೆಯು ಕೊಟ್ಟ ಉಷ್ಣದಲ್ಲಿ ಬಹುಭಾಗವು ಈ ಬಿಳಿಯ ಮೋಡದೊಡನೆಯೇ ಆಕಾಶಕ್ಕೆ ಏರಿಹೋಗುತ್ತದೆ. ಹಬೆಯು ಸರಿಯಾಗಿ ಹೊರಹೋಗದಿದ್ದರೆ ಬೆಲ್ಲ ಕೆಡುತ್ತದೆ. ಸುಮ್ಮನೆ ಹೊರಹೋದರೆ ಉರುವಲು ಕೆಡುತ್ತದೆ. ಈ ಎರಡರ ನಡುವಣ ದಾರಿ ಯಾವುದೆಂಬುದನ್ನು ಇಲ್ಲಿ ವಿಚಾರಮಾಡೋಣ.

ನೀರಿನ ಲೆಕ್ಕ

ಗಾಣದಿಂದ ಇಳಿದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಮಾತ್ರ ಕರಗಿದ ಸಕ್ಕರೆ ಮೊದಲಾದ ಘನಪದಾರ್ಥಗಳು, ಉಳಿದುದೆಲ್ಲವೂ ನೀರು. ಬೆಲ್ಲದಲ್ಲಿಯಾದರೋ ನೂರಕ್ಕೆ ಸುಮಾರು 90 ಪಾಲು ಘನಪದಾರ್ಥ. ಹೀಗಾಗಿ 1,000 ಕಿಲೋಗ್ರಾಂ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹುಯ್ದರೆ ಕೊನೆಯಲ್ಲಿ ಕೈಗೆ ಬರುವ ಬೆಲ್ಲ ಸುಮಾರು 200 ಕಿಲೋಗ್ರಾಂ. ಮಿಕ್ಕ 800 ಕಿಲೋಗ್ರಾಂ ನೀರು ಒಂದೆರಡು ಗಂಟೆಗಳಲ್ಲಿ ಆವಿಯಾಗಿ ಹೋಗಲೇಬೇಕು. ಆಲೆಮನೆಯು ಬೆಲ್ಲವನ್ನು ಮಾಡುವ ಸ್ಥಳವೆಂದು ನಾವು ಹೇಳುತ್ತೇವೆ. ಭೌತವಿಜ್ಞಾನಿಯ ದೃಷ್ಟಿಯಲ್ಲಿ ಅದು ನೀರನ್ನು ಓಡಿಸುವ ಸ್ಥಳ.

ಇದೇ ಕಸುಬನ್ನು ಭೂಮಂಡಲದ ಮತ್ತೊಂದು ಮೂಲೆಯಲ್ಲಿ ಬೇರೊಂದು ಗಿಡದಿಂದ ನಡೆಸುತ್ತಾರೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿಯೂ ಅಮೆರಿಕದ ವರ್ಮಾಂಟ್ ಮೊದಲಾದ ರಾಜ್ಯಗಳಲ್ಲಿಯೂ ಮೇಪಲ್ ಎಂಬ ದೊಡ್ಡ ಮರಗಳುಂಟು. ಚಳಿಗಾಲ ಮುಗಿಯುತ್ತ ಬಂದು, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರಗಳಲ್ಲಿ, ಈ ಮರಗಳ ಕಾಂಡಕ್ಕೆ ತೂತು ಕೊರೆದರೆ ತಿಳಿಯಾದ ರಸ ತೊಟ್ಟಿಕ್ಕುತ್ತದೆ. ಅದರಲ್ಲಿ ಸಕ್ಕರೆ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ಅಗಲವಾದ ತಟ್ಟೆಗಳಲ್ಲಿ ಅದನ್ನು ಕುದಿಸಿ, ನಮ್ಮ ಮಲೆನಾಡಿನ ಜೋನಿ ಬೆಲ್ಲವನ್ನು ಹೋಲುವ ಪಾನಕವನ್ನು ತಯಾರಿಸುತ್ತಾರೆ. ಒಂದು ಲೀಟರು ಪಾನಕಕ್ಕೆ ನಲವತ್ತಕ್ಕೂ ಮೀರಿದ ಲೀಟರುಗಳ ರಸ ಬೇಕು. ಹಬೆಯ ಕಾಟ ಅವರಿಗೆ ನಮಗಿಂತ ಹೆಚ್ಚು. ಆದುದರಿಂದ ಅದನ್ನು ಕುರಿತು ಅವರು ಮಾಡಿಕೊಂಡಿರುವ ಏರ್ಪಾಡುಗಳೂ ಹೆಚ್ಚು. ಅವುಗಳಲ್ಲಿ ನಾವು ಕಲಿಯಬಹುದಾದುದು ಇದೆ. ಅದನ್ನು ಮುಂದೆ ಹೇಳುತ್ತೇವೆ.

ಕಾಣುವುದು ಹಬೆಯಲ್ಲ

ಕುದಿಯುವ ಕೊಪ್ಪರಿಗೆಯ ಮೇಲೆ ತೇಲುವ ಬಿಳಿಯ ಮೋಡವು ನಿಜವಾದ ನೀರಾವಿಯಲ್ಲ. ನೀರಾವಿಯು ಗಾಳಿಯಂತೆ ಕಣ್ಣಿಗೆ ಕಾಣದ ಅನಿಲ. ಕುದಿಯುವ ಕೆಟಲಿನ ಮೂತಿಯನ್ನು ಗಮನವಿಟ್ಟು ನೋಡಿದರೆ, ಮೂತಿಗೂ ಬಿಳಿಯ ಹೊಗೆಗೂ ನಡುವೆ ಬೆರಳಗಲದ ಬರಿದಾದ ಜಾಗ ಕಾಣುತ್ತದೆ. ನಿಜವಾದ ಆವಿ ಇರುವುದು ಆ ಬರಿದಾದ ಜಾಗದಲ್ಲಿ. ಅದು ತಂಪಾದ ಗಾಳಿಯನ್ನು ತಾಗಿದೊಡನೆ ಅತಿಸೂಕ್ಷ್ಮವಾದ ಹನಿಗಳಾಗಿ ಒಡೆಯುತ್ತದೆ. ಬೆಳಕು ಆ ಹನಿಗಳ ಮೇಲೆ ಚೆದರಿ ನಮಗೆ ಬಿಳುಪಾಗಿ ತೋರುತ್ತದೆ. ಈ ಲೇಖನದಲ್ಲಿ ರೂಢಿಯಂತೆ ಎರಡನ್ನೂ ಹಬೆಯೆಂದೇ ಕರೆಯೋಣ.

ಒಂದು ಲೀಟರು ನೀರು ಕುದಿದು ಆವಿಯಾದಾಗ ಸಮುದ್ರಮಟ್ಟದ ಒತ್ತಡದಲ್ಲಿ ಸುಮಾರು 1,670 ಲೀಟರು ಜಾಗವನ್ನು ಆಕ್ರಮಿಸುತ್ತದೆ. ಬನ್ನೂರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಇದು ಇನ್ನೂ ಸ್ವಲ್ಪ ಅಧಿಕ. ನಮ್ಮ 800 ಲೀಟರು ನೀರಿನಿಂದ ಹುಟ್ಟುವ ಆವಿಯು 1,300 ಘನಮೀಟರಿಗೂ ಮಿಗಿಲು. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಐದು ಮೀಟರ್ ಎತ್ತರದ ಒಂದು ಆಲೆಮನೆಯನ್ನು ಊಹಿಸಿಕೊಳ್ಳಿ. ಅದರ ಒಳಗಣ ಅವಕಾಶವೆಲ್ಲ ಸೇರಿ 400 ಘನಮೀಟರ್. ಅಂದರೆ ಒಂದೇ ಕೊಪ್ಪರಿಗೆಯ ಹಬೆಯು ಅಂತಹ ಮನೆಯನ್ನು ಮೂರು ಸಲ ತುಂಬಿಯೂ ಮಿಗುತ್ತದೆ. ದಿನಕ್ಕೆ ಐದಾರು ಕೊಪ್ಪರಿಗೆ ಇಳಿಸುವ ಕಡೆಯಲ್ಲಿ ಹಬೆಗೆ ದಾರಿ ಬೇಡವೆಂದರೆ ಹೇಗೆ?

ಹಬೆ ಏಕೆ ಹೊರಹೋಗಬೇಕು?

ಮೊದಲನೆಯ ಕಾರಣ, ತೊಟ್ಟಿಕ್ಕುವಿಕೆ. ಹಬೆಯು ಸೂರಿನ ತಗಡನ್ನೋ ಹೆಂಚನ್ನೋ ತಾಗಿ ತಣಿದು ನೀರಾಗುತ್ತದೆ. ಆ ನೀರು ಸೂರಿನ ಮಸಿ, ಜೇಡರ ಬಲೆ, ತುಕ್ಕು, ಇವೆಲ್ಲವನ್ನೂ ತೊಳೆದುಕೊಂಡು ಮರಳಿ ಕೊಪ್ಪರಿಗೆಗೇ ಬೀಳುತ್ತದೆ. ಕಷ್ಟಪಟ್ಟು ಓಡಿಸಿದ ನೀರು ಕೊಳೆಯನ್ನು ಜೊತೆಗೆ ಕರೆದುಕೊಂಡು ಹಿಂದಿರುಗಿದಂತಾಯಿತು. ಅದನ್ನು ಮತ್ತೆ ಕುದಿಸಿ ಕಳುಹಿಸಬೇಕು.

ಎರಡನೆಯದು, ನೋಟ. ಬೆಲ್ಲದ ಹದವನ್ನು ಕಣ್ಣಿನಿಂದ ತಿಳಿಯಬೇಕು. ಆರಂಭದಲ್ಲಿ ಸುಣ್ಣದ ತಿಳಿ, ಬೆಂಡೆಯ ಗಿಡದ ಲೋಳೆ ಮೊದಲಾದುವನ್ನು ಹಾಕಿದಾಗ ಮೇಲೇಳುವ ಕೊಳೆಯನ್ನು ತೆಗೆಯುವುದಕ್ಕೂ, ನೊರೆ ಉಕ್ಕಿ ಬಂದಾಗ ಕೆಲವು ತೊಟ್ಟು ಎಣ್ಣೆ ಬಿಟ್ಟು ಅದನ್ನು ಅಡಗಿಸುವುದಕ್ಕೂ, ಗುಳ್ಳೆಗಳ ಗಾತ್ರವನ್ನೂ ಪಾಕದ ಬಣ್ಣವನ್ನೂ ನೋಡಿ ಕೊಪ್ಪರಿಗೆಯನ್ನು ಇಳಿಸುವುದಕ್ಕೂ ಕಣ್ಣೇ ಸಾಧನ. ಇಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಪಾಕ ಗಟ್ಟಿಯಾದಂತೆ ಅದರ ಕುದಿಬಿಂದು ಏರುತ್ತ, ಇಳಿಸುವ ಹೊತ್ತಿಗೆ ಹದಿನೆಂಟು ಇಪ್ಪತ್ತು ಡಿಗ್ರಿ ಮೇಲೆ ಹೋಗಿರುತ್ತದೆ. ಕೊನೆಯ ಕೆಲವು ಡಿಗ್ರಿಗಳು ಬಲು ಬೇಗ ಏರುತ್ತವೆ. ಆಗ ಹಬೆಯ ಮುಸುಕಿನಲ್ಲಿ ಒಂದೆರಡು ನಿಮಿಷ ಕಣ್ಣುತಪ್ಪಿದರೂ ಪಾಕ ಸೀದುಹೋಗುತ್ತದೆ.

ಮೂರನೆಯದು, ಬೆಲ್ಲದ ಸ್ವಭಾವ. ಬೆಲ್ಲವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಪದಾರ್ಥ. ಅಚ್ಚಿನಿಂದ ಬಿಡಿಸಿ ಅದೇ ಮನೆಯ ಮೂಲೆಯಲ್ಲಿ ಜೋಡಿಸಿಟ್ಟ ಬೆಲ್ಲವು ಹಬೆ ತುಂಬಿದ ಗಾಳಿಯಲ್ಲಿ ಬೆವರತೊಡಗುತ್ತದೆ. ಅಂತಹ ಬೆಲ್ಲಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ.

ನಾಲ್ಕನೆಯದು, ದುಡಿಯುವವರ ದೇಹ. ನಮ್ಮ ಮೈ ತಣಿಯುವುದು ಬೆವರು ಆರುವುದರಿಂದ. ಗಾಳಿಯು ಆವಿಯಿಂದ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ; ಒಳಗಣ ಕಾವು ಹೊರಹೋಗದೆ ತಲೆಸುತ್ತು, ಬಳಲಿಕೆ ಉಂಟಾಗುತ್ತವೆ. ಕುದಿಯುವ ಪಾಕದ ಬಳಿ ನಿಂತವನಿಗೆ ತಲೆಸುತ್ತು ಬರುವುದೆಂದರೆ ಎಂತಹ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಬೇಕು. ಹಬೆ ತುಂಬಿದ ಮನೆಯಲ್ಲಿ, ಮೋಡ ಕವಿದ ದಿನ ಬಟ್ಟೆ ಒಣಗದಿರುವಂತೆಯೇ ಕೊಪ್ಪರಿಗೆಯೂ ನಿಧಾನವಾಗಿ ಬತ್ತುತ್ತದೆಂದು ಊಹಿಸುವುದು ಸಹಜ. ಆದರೆ ಒಣಗುವುದು ಬೇರೆ, ಕುದಿಯುವುದು ಬೇರೆ. ಕುದಿಯುವ ದ್ರವದ ಆವಿಯ ಒತ್ತಡವು ವಾಯುಮಂಡಲದ ಒತ್ತಡಕ್ಕೆ ಸಮನಾಗಿರುವುದರಿಂದ ಅದು ಸುತ್ತಣ ಗಾಳಿಯನ್ನು ತಳ್ಳಿಕೊಂಡೇ ಹೊರಬರುತ್ತದೆ. ಗಾಳಿಯಲ್ಲಿ ತೇವವಿದೆಯೇ ಇಲ್ಲವೇ ಎಂಬುದನ್ನು ಅದು ಕೇಳುವುದಿಲ್ಲ. ಕುದಿಯುವ ವೇಗವನ್ನು ನಿರ್ಧರಿಸುವುದು ಒಲೆಯಿಂದ ಕೊಪ್ಪರಿಗೆಯ ತಳಕ್ಕೆ ತಲಪುವ ಉಷ್ಣವೊಂದೇ. ಆದುದರಿಂದ ಹಬೆಯನ್ನು ಹೊರಗೆ ಕಳುಹಿಸುವುದು ಬೆಲ್ಲದ ಶುದ್ಧಿಗಾಗಿ, ಕೆಲಸಗಾರರ ಆರೋಗ್ಯಕ್ಕಾಗಿ. ಬೇಗ ಬತ್ತಲಿ ಎಂದಲ್ಲ.

ದಾರಿ ಮಾಡಿಕೊಡುವ ಬಗೆ

ಅದೃಷ್ಟವಶಾತ್ ಹಬೆಯನ್ನು ಮೇಲಕ್ಕೆ ತಳ್ಳಲು ಯಂತ್ರ ಬೇಕಿಲ್ಲ. ನೀರಿನ ಅಣುವು ಗಾಳಿಯ ಅಣುಗಳಿಗಿಂತ ಹಗುರ. ಗಾಳಿಯ ಸರಾಸರಿ ಅಣುಭಾರ 29 ಆದರೆ ನೀರಿನದು 18. ಅದರ ಮೇಲೆ ಹಬೆ ಬಿಸಿಯಾಗಿಯೂ ಇದೆ. ಒಂದು ಘನಮೀಟರ್ ಗಾಳಿ ನಮ್ಮಲ್ಲಿ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗಿದರೆ, ಕುದಿಬಿಂದುವಿನ ಆವಿ ಸುಮಾರು ಅರ್ಧದಷ್ಟೇ ತೂಗುತ್ತದೆ. ಹೀಗಿರುವುದರಿಂದ ಅದು ತಾನಾಗಿ ಏರುತ್ತದೆ. ಏರಿದ್ದಕ್ಕೆ ದ್ವಾರವಿರಬೇಕು, ಅಷ್ಟೇ.

ಮೇಪಲ್ ರಸ ಕಾಯಿಸುವ ಮನೆಗಳಲ್ಲಿ ಕುದಿಸುವ ತಟ್ಟೆಯ ನೆತ್ತಿಗೆ ಸರಿಯಾಗಿ ಸೂರಿನ ಕೂಡುಗೆರೆಯನ್ನು ಸೀಳಿ, ಅದರ ಮೇಲೆ ಇನ್ನೊಂದು ಪುಟ್ಟ ಸೂರನ್ನು ಎತ್ತಿ ಕಟ್ಟಿರುತ್ತಾರೆ. ಪಕ್ಕಗಳಲ್ಲಿ ತೆರೆದು ಮುಚ್ಚುವ ಬಾಗಿಲುಗಳು. ಮಳೆಯೂ ಹಿಮವೂ ಒಳಗೆ ಬೀಳುವುದಿಲ್ಲ, ಹಬೆ ಮಾತ್ರ ಹೊರಗೆ ಹೋಗುತ್ತದೆ. ನಮ್ಮ ಆಲೆಮನೆಯ ಸೂರಿನಲ್ಲಿಯೂ ಇಂತಹ ಎತ್ತರಿಸಿದ ಕಿಂಡಿಯನ್ನು ಬಡಗಿಯೊಬ್ಬನು ಸುಲಭವಾಗಿ ಮಾಡಿಕೊಡಬಲ್ಲನು.

ಆದರೆ ಮೇಲೆ ಕಿಂಡಿ ತೆರೆದು ಕೆಳಗೆ ಗೋಡೆಗಳನ್ನು ಭದ್ರವಾಗಿ ಮುಚ್ಚಿದರೆ ಪ್ರಯೋಜನವಿಲ್ಲ. ಹೊರಹೋಗುವ ಗಾಳಿಯ ಜಾಗಕ್ಕೆ ಹೊಸ ಗಾಳಿ ಒಳಬರಬೇಕು. ನೆಲಮಟ್ಟದಲ್ಲಿ ತೆರಪುಗಳಿದ್ದರೆ ತಂಪುಗಾಳಿ ಕೆಳಗಿನಿಂದ ಹೊಕ್ಕು ಹಬೆಯನ್ನು ಮೇಲಕ್ಕೆ ಒಯ್ಯುತ್ತದೆ. ಹಬೆಯ ಕಿಂಡಿಯೂ ಹೊಗೆಯ ಚಿಮಣಿಯೂ ಬೇರೆಬೇರೆಯಾಗಿರಬೇಕು. ಚಿಮಣಿಯ ಬಾಯಿ ಕಿಂಡಿಗಿಂತ ಬಹಳ ಎತ್ತರದಲ್ಲಿರಬೇಕು. ಇಲ್ಲವಾದರೆ ಹೊಗೆಯೂ ಮಸಿಯೂ ಕಿಂಡಿಯ ಮೂಲಕ ಒಳಗಿಳಿಯುತ್ತವೆ. ಕಿಂಡಿಯ ಬದಲು ವಿದ್ಯುತ್ ಪಂಖವನ್ನು ಹಾಕುವವರು ಇನ್ನೊಂದನ್ನು ನೆನಪಿನಲ್ಲಿಡಬೇಕು. ಒಳಬರುವ ದಾರಿ ಸಾಲದಿದ್ದಾಗ ಪಂಖವು ಒಲೆಯ ಬಾಯಿಯಿಂದಲೇ ಗಾಳಿಯನ್ನು ಸೆಳೆಯುತ್ತದೆ. ಆಗ ಚಿಮಣಿಗೆ ಹೋಗಬೇಕಾದ ಹೊಗೆ ಮನೆಯೊಳಕ್ಕೆ ತಿರುಗುತ್ತದೆ.

ಹಬೆ ಹೊತ್ತೊಯ್ಯುವ ಉಷ್ಣ

ಇಷ್ಟರಮಟ್ಟಿಗೆ ಹಬೆಯನ್ನು ಕಳುಹಿಸಿಕೊಟ್ಟದ್ದಾಯಿತು. ಅದು ಬರಿಗೈಯಲ್ಲಿ ಹೋಯಿತೆ?

ಕ್ರಿ. ಶ. 1760ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿದ್ದ ಜೋಸೆಫ್ ಬ್ಲಾಕ್ ಎಂಬ ವಿಜ್ಞಾನಿಯು ಒಂದು ವಿಚಿತ್ರವನ್ನು ಗಮನಿಸಿದನು. ಒಲೆಯ ಮೇಲಿಟ್ಟ ನೀರಿನ ಉಷ್ಣತೆ ಕುದಿಬಿಂದುವಿನವರೆಗೆ ಸಮನಾಗಿ ಏರುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಉರಿ ಹಾಕಿದರೂ ಏರುವುದಿಲ್ಲ. ಹಾಗಾದರೆ ಆ ಉಷ್ಣ ಎಲ್ಲಿ ಅಡಗಿತು? ದ್ರವವನ್ನು ಆವಿಯಾಗಿ ಮಾರ್ಪಡಿಸುವುದರಲ್ಲಿಯೇ ಅದು ವ್ಯಯವಾಗುತ್ತದೆಂದು ಕಂಡುಕೊಂಡು ಅವನು ಅದಕ್ಕೆ ಗುಪ್ತೋಷ್ಣವೆಂದು ಹೆಸರಿಟ್ಟನು. ಒಂದು ಕಿಲೋಗ್ರಾಂ ನೀರನ್ನು 28 ಡಿಗ್ರಿಯಿಂದ 98 ಡಿಗ್ರಿಯವರೆಗೆ ಕಾಯಿಸಲು 70 ಕಿಲೊಕ್ಯಾಲೊರಿ ಸಾಕು. ಕಾದ ಅದೇ ನೀರನ್ನು ಆವಿ ಮಾಡಲು ಸುಮಾರು 540 ಕಿಲೊಕ್ಯಾಲೊರಿ ಬೇಕು; ಅಂದರೆ ಎಂಟುಪಟ್ಟಿಗೆ ಸಮೀಪ. ಹಬೆಯ ಸುಟ್ಟಗಾಯವು ಕುದಿನೀರಿನ ಗಾಯಕ್ಕಿಂತ ಭಯಂಕರವಾಗಿರುವುದಕ್ಕೂ ಇದೇ ಕಾರಣ. ಚರ್ಮವನ್ನು ತಾಗಿ ನೀರಾಗುವಾಗ ಹಬೆಯು ತನ್ನ ಗುಪ್ತೋಷ್ಣವನ್ನೆಲ್ಲ ಅಲ್ಲಿಯೇ ಬಿಟ್ಟುಬಿಡುತ್ತದೆ.

ಈಗ ನಮ್ಮ ಕೊಪ್ಪರಿಗೆಯ ಲೆಕ್ಕವನ್ನು ಮುಂದುವರಿಸೋಣ. 800 ಕಿಲೋಗ್ರಾಂ ನೀರನ್ನು ಆವಿ ಮಾಡಲು 4,32,000 ಕಿಲೊಕ್ಯಾಲೊರಿ. ಕಬ್ಬಿನ ಹಾಲನ್ನು ಕುದಿಬಿಂದುವಿಗೆ ತರಲು ಸುಮಾರು 63,000. ಒಟ್ಟು ಐದು ಲಕ್ಷಕ್ಕೆ ಸಮೀಪ. ಚೆನ್ನಾಗಿ ಒಣಗಿದ ಕಬ್ಬಿನ ಸಿಪ್ಪೆಯ ಒಂದು ಕಿಲೋಗ್ರಾಂ ಉರಿದರೆ ಸುಮಾರು 3,500 ಕಿಲೊಕ್ಯಾಲೊರಿ ದೊರೆಯುತ್ತದೆಂದು ಇಟ್ಟುಕೊಂಡರೆ, ಎಳ್ಳಷ್ಟೂ ನಷ್ಟವಿಲ್ಲದ ಒಲೆಗೆ 140 ಕಿಲೋಗ್ರಾಂ ಸಿಪ್ಪೆ ಸಾಕು. ಅಷ್ಟು ಹಾಲು ಕೊಟ್ಟ ಕಬ್ಬಿನಿಂದ, ಬಿಸಿಲಿಗೆ ಒಣಗಿಸಿದ ಮೇಲೆ, ನಮಗೆ ಸಿಕ್ಕುವ ಸಿಪ್ಪೆ ಸುಮಾರು 300 ಕಿಲೋಗ್ರಾಂ. ಎರಡುಪಟ್ಟು! ಇನ್ನೇನು ಚಿಂತೆ?

ಚಿಂತೆ ಇರುವುದು ಒಲೆಯಲ್ಲಿ. ಹಳೆಯ ಮಾದರಿಯ ಒಂಟಿ ಕೊಪ್ಪರಿಗೆಯ ಒಲೆಯಲ್ಲಿ ಉರುವಲಿನ ಉಷ್ಣದ ಕಾಲುಭಾಗದಿಂದ ಮೂರರಲ್ಲಿ ಒಂದು ಪಾಲಿನವರೆಗೆ ಮಾತ್ರ ಕಬ್ಬಿನ ಹಾಲನ್ನು ಮುಟ್ಟುತ್ತದೆ. ಉಳಿದುದು ಚಿಮಣಿಯ ಪಾಲು, ಮಣ್ಣಿನ ಪಾಲು. ಆಗ ಬೇಕಾಗುವ ಸಿಪ್ಪೆ 420ರಿಂದ 560 ಕಿಲೋಗ್ರಾಂ. ಇದ್ದುದು ಮುನ್ನೂರು. ಕೊರತೆಯನ್ನು ಕಬ್ಬಿನ ತರಗು, ತೆಂಗಿನ ಗರಿ, ಸೌದೆಗಳಿಂದ ತುಂಬಬೇಕು. ಅವೂ ಸಾಲದೆ ಕೆಲವು ಕಡೆ ಹಳೆಯ ಟೈರು, ಪ್ಲಾಸ್ಟಿಕ್ಕಿನ ಚೂರುಗಳನ್ನು ಒಲೆಗೆ ಹಾಕಿದ್ದುಂಟು. ಮಂಡ್ಯ ಜಿಲ್ಲೆಯಲ್ಲಿ ಈ ವಿಷಯವಾಗಿ ದೂರುಗಳು ಎದ್ದಿವೆ. ಅದರಿಂದ ಹುಟ್ಟುವ ಕರಿಯ ಹೊಗೆಯು ಮೊದಲು ಸೇರುವುದು ಉರಿ ಹಾಕುವವನ ಎದೆಗೂಡನ್ನು. ಬಳಿಕ ಪಕ್ಕದ ಊರನ್ನು. ಉರಿಯನ್ನು ಕಡಮೆ ಮಾಡಿ ನಿಧಾನವಾಗಿ ಕಾಯಿಸೋಣವೆಂದರೆ ಅದೂ ಸಲ್ಲದು. ಹೆಚ್ಚು ಹೊತ್ತು ಬಿಸಿಯಲ್ಲಿದ್ದಷ್ಟೂ ಹುಳಿ ಅಂಶವಿರುವ ಕಬ್ಬಿನ ಹಾಲಿನಲ್ಲಿ ಸಕ್ಕರೆಯು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಬೆಲ್ಲ ಕಪ್ಪಾಗಿ, ಅಚ್ಚಿನಲ್ಲಿ ಗಟ್ಟಿಯಾಗದೆ ಉಳಿಯುತ್ತದೆ.

ಹೀಗೆ ಬಿಳಿಯ ಮೋಡಕ್ಕೂ ಕರಿಯ ಮೋಡಕ್ಕೂ ಸಂಬಂಧವಿದೆ. ಹಬೆಯಲ್ಲಿ ಹೋಗುವ ಉಷ್ಣದಲ್ಲಿ ಒಂದಿಷ್ಟನ್ನು ಹಿಂದಕ್ಕೆ ಪಡೆದರೆ ಒಲೆಗೆ ಹಾಕುವುದು ಅಷ್ಟರಮಟ್ಟಿಗೆ ತಗ್ಗುತ್ತದೆ.

ರಿಲಿಯೂನ ಯುಕ್ತಿ

ಹಬೆಯನ್ನು ಮತ್ತೆ ದುಡಿಸಿಕೊಳ್ಳುವ ಆಲೋಚನೆಯನ್ನು ಪೂರ್ಣವಾಗಿ ಸಾಧಿಸಿದವನು ಅಮೆರಿಕದ ನಾರ್ಬರ್ಟ್ ರಿಲಿಯೂ. ಅವನು 1806ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದನು. ತಾಯಿ ಆಫ್ರಿಕದ ಮೂಲದ ಸ್ವತಂತ್ರ ಸ್ತ್ರೀ. ಪ್ಯಾರಿಸಿನಲ್ಲಿ ವಿದ್ಯಾಭ್ಯಾಸ ಮಾಡಿದನು. ಆ ಕಾಲದಲ್ಲಿ ಲೂಯಿಸಿಯಾನದ ಕಬ್ಬಿನ ತೋಟಗಳಲ್ಲಿ ಸಾಲಾಗಿಟ್ಟ ತೆರೆದ ಕಡಾಯಿಗಳಲ್ಲಿ ರಸವನ್ನು ಕುದಿಸುತ್ತಿದ್ದರು. ಕುದಿಯುವ ಪಾಕವನ್ನು ಒಂದರಿಂದ ಇನ್ನೊಂದಕ್ಕೆ ಸೌಟುಗಳಿಂದ ಎತ್ತಿಹಾಕುವ ಕೆಲಸ ಗುಲಾಮರದು. ಸುಟ್ಟಗಾಯಗಳು ನಿತ್ಯದ ಮಾತಾಗಿದ್ದುವು.

ರಿಲಿಯೂ ಎದುರಿಸಿದ ತೊಡಕು ಇದು. ಒಂದು ಕಡಾಯಿಯಿಂದ ಹೊರಟ 100 ಡಿಗ್ರಿಯ ಹಬೆಯು ಇನ್ನೊಂದು ಕಡಾಯಿಯನ್ನು 100 ಡಿಗ್ರಿಯಲ್ಲಿ ಕುದಿಸಲಾರದು; ಬಿಸಿಯಾದದ್ದರಿಂದ ತಂಪಾದದ್ದಕ್ಕೆ ಮಾತ್ರ ಉಷ್ಣ ಹರಿಯುತ್ತದೆ. ಆದರೆ ಎರಡನೆಯ ಪಾತ್ರೆಯನ್ನು ಮುಚ್ಚಿ ಅದರೊಳಗಿನ ಒತ್ತಡವನ್ನು ತಗ್ಗಿಸಿದರೆ ಅಲ್ಲಿನ ರಸ ಕಡಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಒತ್ತಡವು ವಾಯುಮಂಡಲದ ಐದನೆಯ ಒಂದು ಪಾಲಿಗೆ ಇಳಿದರೆ ನೀರು ಸುಮಾರು 60 ಡಿಗ್ರಿಯಲ್ಲಿ ಕುದಿಯುತ್ತದೆ. ಆಗ ಮೊದಲನೆಯದರ ಹಬೆ ಎರಡನೆಯದಕ್ಕೆ ಉರಿಯಾಗುತ್ತದೆ, ಎರಡನೆಯದರ ಹಬೆ ಮೂರನೆಯದಕ್ಕೆ. 1843ರಲ್ಲಿಯೂ 1846ರಲ್ಲಿಯೂ ಅವನು ಈ ಯಂತ್ರಕ್ಕೆ ಪೇಟೆಂಟುಗಳನ್ನು ಪಡೆದನು. ನಾಲ್ಕು ಪಾತ್ರೆಗಳ ಸಾಲಿನಲ್ಲಿ ಒಂದು ಕಿಲೋಗ್ರಾಂ ಹಬೆಯು ಹೆಚ್ಚುಕಡಮೆ ನಾಲ್ಕು ಕಿಲೋಗ್ರಾಂ ನೀರನ್ನು ಓಡಿಸುತ್ತದೆ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಮೊದಲ್ಗೊಂಡು ಇಂದಿನ ಸಕ್ಕರೆ ಕಾರ್ಖಾನೆಗಳೆಲ್ಲ ಆಧಾರವಾಗಿ ಹಿಡಿದಿರುವ ತತ್ತ್ವ ಇದೇ. ಕಾರ್ಖಾನೆಯಲ್ಲಿ ಸಿಪ್ಪೆ ಮಿಗುವುದಕ್ಕೂ ಆಲೆಮನೆಯಲ್ಲಿ ಸಾಲದಿರುವುದಕ್ಕೂ ಮುಖ್ಯ ಕಾರಣವನ್ನು ಇಲ್ಲಿ ಕಾಣಬಹುದು.

ಆಲೆಮನೆಗೆ ಒಗ್ಗುವುದೇನು?

ಮುಚ್ಚಿದ ಪಾತ್ರೆ, ನಿರ್ವಾತದ ಪಂಪು, ಇವು ಸಾಮಾನ್ಯ ರೈತನ ಶಕ್ತಿಗೆ ಮೀರಿದುವು. ಆದರೆ ಹಬೆಯಿಂದ ಹಾಲನ್ನು ಕುದಿಸಲಾಗದಿದ್ದರೂ ಮೊದಲೇ ಕಾಯಿಸಿಡಲು ಅಡ್ಡಿಯಿಲ್ಲ. ತಣ್ಣನೆಯ ಹಾಲಿಗೂ 98 ಡಿಗ್ರಿಯ ಹಬೆಗೂ ನಡುವೆ ಎಪ್ಪತ್ತು ಡಿಗ್ರಿಗಳ ಅಂತರವಿದೆಯಲ್ಲವೆ?

ಮೇಪಲ್ ಬೆಳೆಗಾರರು ಮಾಡುವುದು ಇದನ್ನೇ. ಕುದಿಯುವ ತಟ್ಟೆಯ ಮೇಲೆ ತಗಡಿನ ಗೂಡೊಂದನ್ನು ಕವುಚಿ, ಅದರ ನೆತ್ತಿಯಿಂದ ಹಬೆಯ ಕೊಳವೆಯನ್ನು ಸೂರಿನ ಆಚೆಗೆ ಒಯ್ಯುತ್ತಾರೆ. ಗೂಡಿನೊಳಗೆ ಲೋಹದ ಕೊಳವೆಗಳ ಸಾಲು. ಹೊಸ ರಸವು ಅವುಗಳ ಮೂಲಕ ಹರಿದು ತಟ್ಟೆಗೆ ಬರುತ್ತದೆ. ಹಬೆಯು ಕೊಳವೆಗಳನ್ನು ತಾಗಿ ನೀರಾಗುವಾಗ ಗುಪ್ತೋಷ್ಣವು ರಸಕ್ಕೆ ದಾಟುತ್ತದೆ. ಇಳಿದ ನೀರು ತಟ್ಟೆಗೆ ಬೀಳದಂತೆ ಕೆಳಗೆ ಓರೆಯಾದ ದೋಣಿಯನ್ನಿಟ್ಟು ಹೊರಗೆ ಸಾಗಿಸುತ್ತಾರೆ. ತೊಟ್ಟಿಕ್ಕುವ ಕಾಟವೂ ತಪ್ಪಿತು, ತೊಳೆಯಲು ಬಿಸಿನೀರೂ ದೊರಕಿತು.

ಲಾಭವೆಷ್ಟು? 28 ಡಿಗ್ರಿಯ ಕಬ್ಬಿನ ಹಾಲು 75 ಡಿಗ್ರಿಯವರೆಗೆ ಕಾದರೆ ಉಳಿತಾಯವಾಗುವುದು ಸುಮಾರು 42,000 ಕಿಲೊಕ್ಯಾಲೊರಿ. ಒಟ್ಟಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು. ಕೊಪ್ಪರಿಗೆಯೊಂದಕ್ಕೆ 35ರಿಂದ 45 ಕಿಲೋಗ್ರಾಂ ಸಿಪ್ಪೆ ಮಿಕ್ಕಂತಾಯಿತು. ಇದು ಅದ್ಭುತವಾದ ಸಂಖ್ಯೆಯಲ್ಲ. ಕೊರತೆಯಲ್ಲಿ ಒಂದು ಅಂಶವನ್ನು ಮಾತ್ರ ತುಂಬುತ್ತದೆ. ಉಳಿದುದನ್ನು ಒಲೆಯಿಂದಲೇ ಸಂಪಾದಿಸಬೇಕು. ಒಂದರ ಹಿಂದೊಂದು ಎರಡು ಮೂರು ಕೊಪ್ಪರಿಗೆಗಳನ್ನು ಕೂರಿಸಿ, ಚಿಮಣಿಗೆ ಓಡುವ ಬಿಸಿಗಾಳಿಯನ್ನು ಅವುಗಳ ತಳದಡಿ ಹಾಯಿಸುವ ಸುಧಾರಿತ ಒಲೆಗಳನ್ನು ಲಕ್ನೋವಿನ ಭಾರತೀಯ ಕಬ್ಬು ಸಂಶೋಧನ ಸಂಸ್ಥೆಯು ರೂಪಿಸಿದೆ. ಒಲೆಯ ಸುಧಾರಣೆ ಮೊದಲು, ಹಬೆಯ ಗೂಡು ಅನಂತರ. ಎರಡೂ ಕೂಡಿದರೆ ಕಬ್ಬಿನ ಸಿಪ್ಪೆಯೇ ಕಬ್ಬಿನ ಹಾಲಿಗೆ ಸಾಕಾಗುವ ಸ್ಥಿತಿ ಹತ್ತಿರವಾಗುತ್ತದೆ.

ಗೂಡಿನಲ್ಲಿ ತೊಂದರೆಗಳಿಲ್ಲವೆಂದಲ್ಲ. ಅದು ಪಾಕವನ್ನು ಕಣ್ಣಿಗೆ ಮರೆಮಾಡುತ್ತದೆ. ಆದುದರಿಂದ ಒಂಟಿ ಕೊಪ್ಪರಿಗೆಗೆ ಅದು ಒಗ್ಗದು. ಹಲವು ಕೊಪ್ಪರಿಗೆಗಳಿರುವಲ್ಲಿ, ಕೊಳೆ ತೆಗೆದು ಮುಗಿದು ಬರಿಯ ನೀರನ್ನು ಓಡಿಸುವ ನಡುವಣ ಕೊಪ್ಪರಿಗೆಗೆ ಮಾತ್ರ ಗೂಡನ್ನು ಹಾಕಿ, ಹದ ನೋಡುವ ಕೊನೆಯದನ್ನು ತೆರೆದಿಡಬೇಕು. ಕೊನೆಯದರಿಂದ ಏಳುವ ಹಬೆ ಹೇಗೂ ಅತ್ಯಲ್ಪ. ಕೊಳವೆಯ ಒಳಮೈಗೆ ಕಬ್ಬಿನ ಹಾಲಿನ ಕೊಳೆ ಅಂಟುವುದರಿಂದ ದಿನವೂ ತೊಳೆಯಬೇಕು. ಉಗುರುಬೆಚ್ಚಗಿನ ಹಾಲು ಕೊಳವೆಯಲ್ಲಿ ನಿಲ್ಲಬಾರದು. ನಿಂತರೆ ಸೂಕ್ಷ್ಮಜೀವಿಗಳು ಬೆಳೆದು ಹುಳಿಯಾಗುತ್ತದೆ. ಕೆಲಸ ನಿಲ್ಲಿಸುವಾಗ ಕೊಳವೆಯನ್ನು ಬರಿದುಮಾಡಬೇಕು.

ಹೊಸದಾಗಿ ಆಲೆಮನೆ ಕಟ್ಟುವವರು ಸೂರಿಗೆ ಹೆಂಚು ಹೊದಿಸುವುದಕ್ಕೆ ಮುಂಚೆಯೇ ಈ ವಿಚಾರಗಳನ್ನು ಬಡಗಿಯೊಡನೆಯೂ ಒಲೆ ಕಟ್ಟುವವನೊಡನೆಯೂ ಮಾತನಾಡಿಕೊಳ್ಳುವುದು ಮೇಲು. ಕೂಡುಗೆರೆಯ ಕಿಂಡಿ, ನೆಲಮಟ್ಟದ ತೆರಪು, ಎತ್ತರದ ಚಿಮಣಿ, ಇವು ಮೂರಕ್ಕೆ ತಗಲುವ ಖರ್ಚು ಕಟ್ಟುವಾಗ ಅಲ್ಪ. ಕಟ್ಟಿದ ಮೇಲೆ ಒಡೆದು ಮಾಡಿಸುವುದು ದುಬಾರಿ. ಮಂಡ್ಯದ ಬಳಿಯ ವಿ. ಸಿ. ಫಾರಂ ಕೃಷಿ ಸಂಶೋಧನ ಕೇಂದ್ರವು ಬನ್ನೂರಿನ ರೈತರಿಗೆ ದೂರವೇನೂ ಅಲ್ಲ. ಕಬ್ಬು ಬೆಲ್ಲಗಳ ವಿಷಯದಲ್ಲಿ ಅಲ್ಲಿ ತಿಳಿದವರಿದ್ದಾರೆ. ಹಬೆಗೆ ಹೋಗಲು ದಾರಿಯನ್ನೂ, ಹೋಗುವ ಮುನ್ನ ಮಾಡಿಕೊಡಲು ಒಂದು ಕೆಲಸವನ್ನೂ ಕೊಟ್ಟ ಆಲೆಮನೆಯಲ್ಲಿ ಬೆಲ್ಲಕ್ಕೆ ಮಸಿಯ ಹನಿ ಬೀಳುವುದಿಲ್ಲ. ಉರಿ ಹಾಕುವವನು ಟೈರಿನ ಹೊಗೆಯನ್ನು ಉಸಿರಾಡಬೇಕಾದ ಕಾರಣವೂ ಕಡಮೆಯಾಗುತ್ತದೆ.